ಕಡಲು ಕಂಡವರು, ಕರಾವಳಿ ಕಾಣದವರು

ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಂಥ ಊರುಗಳಲ್ಲಿ ಗೋವಿನಜೋಳದ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಪ್ರವಾಸದ ಮಾತು ಶುರುವಾಗುತ್ತದೆ. ಹತ್ತು ಹದಿನೈದು ಜನ ಸೇರಿ ಕ್ರೂಸರೋ ಟೆಂಪೋವೋ ಗೊತ್ತು ಮಾಡುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಕಟ್ಟಿಕೊಂಡು ನಡುರಾತ್ರಿ ಹೊರಡುತ್ತಾರೆ. ಬೆಳಿಗ್ಗೆ ಜೋಗ, ಗೇರುಸೊಪ್ಪೆ ಘಟ್ಟ ಇಳಿದರೆ ಹೊನ್ನಾವರ, ಇಡಗುಂಜಿ, ಮುರುಡೇಶ್ವರ, ಹೊತ್ತಿದ್ದರೆ ಗೋಕರ್ಣ, ಮರಳುವಾಗ ಶಿರಸಿಯ ಮಾರಿಕಾಂಬೆ. ಒಂದು ಹಗಲಿನಲ್ಲಿ ಐದಾರು ಸ್ಥಳ. ಮರುದಿನ ಊರಲ್ಲಿ ‘ಏನೇನು ನೋಡಿದಿರಿ?’ ಎಂದು ಕೇಳಿದರೆ ಸ್ಥಳಗಳ ಹೆಸರುಗಳು ಮಗ್ಗಿಯಂತೆ ಬರುತ್ತವೆ. ‘ಅಲ್ಲಿ ಯಾರ ಕೂಡ ಮಾತಾಡಿದಿರಿ?’ ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಇದನ್ನು ಹಳ್ಳಿಗರನ್ನು ಹೀಗಳೆಯಲು ಹೇಳುತ್ತಿಲ್ಲ. ವರ್ಷವಿಡೀ ಹೊಲ, ಹಟ್ಟಿ, ಒಲೆ ಎಂದು ದುಡಿದವರಿಗೆ ಒಂದು ದಿನದ ಬಿಡುವು ದೊಡ್ಡದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಯಾಗಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದಾಗ ಪೇಟೆಯ ಅನೇಕರು ನಕ್ಕರು. ಆದರೆ ತವರು ಮತ್ತು ಆಸ್ಪತ್ರೆ ಬಿಟ್ಟು ಬೇರೆ ಊರು ಕಾಣದ ಹೆಂಗಸರು ಅಲೆಗೆ ಕಾಲೊಡ್ಡಿ ನಿಂತರೆ ನಗುವುದಕ್ಕೇನಿದೆ? ಪ್ರವಾಸ ಉಳ್ಳವರ ಸೊತ್ತಲ್ಲ. ನಮ್ಮ ತಕರಾರು ಹೋಗುವವರ ಮೇಲಲ್ಲ, ಅವರ ಕೈಗೆ ಸಿಕ್ಕಿರುವ ‘ನೋಡಬೇಕಾದ ಸ್ಥಳಗಳ’ ಪಟ್ಟಿಯ ಮೇಲೆ. ಪ್ರವಾಸೋದ್ಯಮ ಇಲಾಖೆಯ ಕೈಪಿಡಿ, ಪತ್ರಿಕೆಗಳ ಭಾನುವಾರದ ಪುರವಣಿ, ಬಾಡಿಗೆ ಗಾಡಿಯ ಚಾಲಕ, ಈಗೀಗ ಮೊಬೈಲಿನ ರೀಲ್ಸು, ಎಲ್ಲರೂ ಸೇರಿ ಕಟ್ಟಿಕೊಟ್ಟ ಪಟ್ಟಿ ಅದು. ಅದರಲ್ಲಿ ಎತ್ತರವಿದೆ, ದೂರವಿದೆ, ಊಟ ವಸತಿಯ ವಿವರವಿದೆ. ಅಲ್ಲಿ ಬದುಕುವ ಜನರಿಲ್ಲ.

ಮುರುಡೇಶ್ವರದ ಶಿವನ ಪ್ರತಿಮೆ 123 ಅಡಿ ಎತ್ತರ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಬಯಲುಸೀಮೆಯ ಮಗುವಿಗೆ ಕಡಲಿನ ಸೆಳೆತ ಎಂದರೇನೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಕೆರೆಯಲ್ಲಿ ಈಜಿದವರಿಗೂ ಅದು ಗೊತ್ತಿರುವುದಿಲ್ಲ. ದಡಕ್ಕೆ ಬಂದ ನೀರು ಮರಳುವಾಗ ಕಾಲಡಿಯ ಮರಳನ್ನೇ ಸೆಳೆದೊಯ್ಯುತ್ತದೆ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಅಲೆಗಳಲ್ಲಿ ಮುಳುಗಿ ಸತ್ತರು. ಆಮೇಲೆ ಕೆಲಕಾಲ ಕಡಲತೀರವನ್ನು ಮುಚ್ಚಲಾಯಿತು. ಆ ನೀರಿನ ಗುಣವನ್ನು ದಡದ ಮೀನುಗಾರರು ಹುಟ್ಟಿನಿಂದ ಬಲ್ಲರು. ಅವರ ಕೂಡ ಹತ್ತು ನಿಮಿಷ ಮಾತಾಡುವುದು ನಮ್ಮ ಪ್ರವಾಸದ ವೇಳಾಪಟ್ಟಿಯಲ್ಲಿ ಸೇರಿಲ್ಲ. ಪಟ್ಟಿಯಲ್ಲಿ ಜನರಿಲ್ಲದಿದ್ದರೆ ಜ್ಞಾನವೊಂದೇ ನಷ್ಟವಾಗುವುದಿಲ್ಲ, ಜೀವವೂ ಹೋಗುತ್ತದೆ.

ಇದೇ ಕರಾವಳಿಗೆ 1340ರ ದಶಕದಲ್ಲಿ ಒಬ್ಬ ಪ್ರವಾಸಿ ಬಂದಿದ್ದ. ಮೊರಾಕ್ಕೊ ದೇಶದ ಇಬ್ನ್ ಬತೂತ. ಹೊನ್ನಾವರದಲ್ಲಿ ಅವನು ಕಂಡದ್ದೇನು? ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದು ಅವನು ಎಣಿಸಿ ಬರೆದಿದ್ದಾನೆ. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲವೆಂದಿದ್ದಾನೆ. ಅಲ್ಲಿನ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದವರೆಂದೂ, ಜನ ಕಡಲ ವ್ಯಾಪಾರದಿಂದ ಬದುಕುತ್ತಾರೆಂದೂ ದಾಖಲಿಸಿದ್ದಾನೆ. ಸುಮಾರು ಏಳು ನೂರು ವರ್ಷಗಳ ಹಿಂದೆ ಹೊನ್ನಾವರಕ್ಕೆ ಬಂದ ಪರದೇಶಿಗೆ ಹೆಣ್ಣುಮಕ್ಕಳ ಶಾಲೆ ನೋಡತಕ್ಕ ಸ್ಥಳವಾಗಿತ್ತು! ಇಂದು ಅದೇ ಊರಿಗೆ ಹೋಗುವ ನಮ್ಮ ಶಾಲಾ ಪ್ರವಾಸಗಳಿಗೆ ಈ ಸಂಗತಿ ತಿಳಿದೇ ಇಲ್ಲ. ಶರಾವತಿಯ ದೋಣಿ ವಿಹಾರ ಮುಗಿಸಿ ಗಾಡಿ ಮುಂದಕ್ಕೆ ಹೋಗುತ್ತದೆ.

ಶರಾವತಿಯ ಆಚೆ ದಡದ ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಎಂಬ ಅಂತಾರಾಷ್ಟ್ರೀಯ ಮನ್ನಣೆ ಸಿಕ್ಕಿತು. ಶುಚಿಯಾದ ಮರಳು, ಸ್ನಾನದ ವ್ಯವಸ್ಥೆ, ಕಾವಲುಗಾರರು, ಎಲ್ಲವೂ ಮೆಚ್ಚತಕ್ಕದ್ದೇ. ಅದೇ ಕಾಸರಕೋಡಿನ ಟೊಂಕದಲ್ಲಿ ಮೀನುಗಾರರು ಖಾಸಗಿ ಬಂದರಿನ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದಾರೆ. ಮೀನು ಒಣಗಿಸುವ ಜಾಗ, ದೋಣಿ ಎಳೆದಿಡುವ ಮರಳು ಕೈತಪ್ಪುತ್ತದೆಂಬುದು ಅವರ ಅಳಲು. ಒಂದೇ ಊರಿನ ಮರಳು ಒಬ್ಬರಿಗೆ ಫೋಟೋ, ಇನ್ನೊಬ್ಬರಿಗೆ ಅನ್ನ. ಪ್ರವಾಸಿಯ ಕಣ್ಣಿಗೆ ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಮರೆಮಾಡುವ ಈ ಏರ್ಪಾಡು ತಾನಾಗಿ ಆದದ್ದಲ್ಲ.

ಮುರುಡೇಶ್ವರದಿಂದ ತೆಂಕಕ್ಕೆ ಸ್ವಲ್ಪ ದೂರದಲ್ಲೇ ಭಟ್ಕಳವಿದೆ. ಕಲ್ಲಿನಲ್ಲಿ ಕುಸುರಿ ಮಾಡಿದ ಖೇತಪೈ ನಾರಾಯಣ ದೇವಸ್ಥಾನ, ಜೈನ ಬಸದಿ, ನವಾಯತರ ಹಳೆಯ ಕೇರಿಗಳು, ಅರಬ್ಬಿ, ಫಾರಸಿ ಬೆರೆತ ಕೊಂಕಣಿಯಂಥ ಅವರ ನವಾಯತಿ ಮಾತು, ಅವರ ಬಿರಿಯಾನಿ, ಎಲ್ಲವೂ ಅಲ್ಲಿ ಒಂದೇ ಪೇಟೆಯ ಸುತ್ತಮುತ್ತ ಸಿಗುತ್ತವೆ. ಆದರೆ ನಮ್ಮ ಕಡೆಯ ಗಾಡಿಗಳು ಮುರುಡೇಶ್ವರದಿಂದಲೇ ತಿರುಗುತ್ತವೆ. ಭಟ್ಕಳವನ್ನು ಸುದ್ದಿಯಲ್ಲಿ ಮಾತ್ರ ಕೇಳಿದವರು ಅದನ್ನು ಹೆದರುವ ಊರಾಗಿಯೇ ಉಳಿಸಿಕೊಂಡಿದ್ದಾರೆ. ಒಂದು ಮಧ್ಯಾಹ್ನ ಅಲ್ಲಿ ಇಳಿದು ಊಟ ಮಾಡಿದರೆ ಆ ಹೆದರಿಕೆ ಎಷ್ಟು ಹೊತ್ತು ನಿಂತೀತು?

ಘಟ್ಟ ಇಳಿಯುವವರಲ್ಲಿ ಪ್ರವಾಸಿಗಳಷ್ಟೇ ಇಲ್ಲ. ನಮ್ಮ ಪಕ್ಕದ ಸವಣೂರಿನ ಸಣ್ಣ ವ್ಯಾಪಾರಿಗಳು ತರಕಾರಿ, ಹಣ್ಣು ಹೇರಿದ ಲಾರಿಯ ಮೇಲೆಯೇ ಕೂತು ಕುಮಟಾದ ಬುಧವಾರದ ಸಂತೆಗೆ ಹೋಗುತ್ತಾರೆ. 2025ರ ಜನವರಿ 22ರ ನಸುಕಿನಲ್ಲಿ ಅಂಥ ಒಂದು ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಹತ್ತಿರ ಉರುಳಿತು. 10 ಮಂದಿ ಸತ್ತರು. ಬಯಲುನಾಡಿಗೂ ಕರಾವಳಿಗೂ ಇರುವ ನಿಜವಾದ ನಂಟನ್ನು ಹೊತ್ತು ನಡೆಸುತ್ತಿದ್ದವರು ಅವರು. ನಮ್ಮ ಮೆಣಸಿನಕಾಯಿ, ತರಕಾರಿ ಕೆಳಗಿಳಿಯುವುದು, ಅಲ್ಲಿನ ಒಣಮೀನು, ತೆಂಗು ಮೇಲೇರುವುದು ಇಂಥವರಿಂದ. ಕುಮಟಾದ ಯಾವ ಬೀದಿಯಲ್ಲಿ ಯಾರು ಏನು ತಿನ್ನುತ್ತಾರೆ, ಯಾವ ಭಾಷೆಯಲ್ಲಿ ಚೌಕಾಸಿ ಮಾಡುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಕರಾವಳಿಯನ್ನು ಬಲ್ಲವರೆಂದರೆ ಅವರೇ. ಆದರೂ ಅವರನ್ನು ಯಾರೂ ಪ್ರವಾಸಿ ಎನ್ನಲಿಲ್ಲ. ಕೂರಲು ಒಂದು ನೆಟ್ಟಗಿನ ಸೀಟೂ ಅವರಿಗಿರಲಿಲ್ಲ.

ಕಡಲನ್ನು ಬೇರೆ ಬಗೆಯಲ್ಲಿ ಕಂಡವರೂ ಉಂಟು. ಸವಣೂರಿನಲ್ಲೇ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗಿ ಬಂದ ಅನುಭವದಿಂದ ‘ಸಮುದ್ರ ಗೀತೆಗಳು’ ಸಂಕಲನ ಕೊಟ್ಟರು. ಕಪ್ಪುಮಣ್ಣಿನ ಸೀಮೆಯ ಕವಿಗೆ ಕಡಲು ದಕ್ಕಿದ್ದು ಅದರ ಮೇಲೆ ದಿನಗಟ್ಟಲೆ ಇದ್ದುದರಿಂದ. 1883ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಕಾರವಾರಕ್ಕೆ ಬಂದ ತರುಣ ರವೀಂದ್ರನಾಥ ಟಾಗೋರರು ಅಲ್ಲಿ ನಿಂತು, ಕಾಳಿ ನದಿಯಲ್ಲಿ ದೋಣಿಯೇರಿ ಸುತ್ತಿ, ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಬರೆದರು. ಈಗ ಅಲ್ಲಿನ ಕಡಲತೀರಕ್ಕೆ ಅವರ ಹೆಸರಿದೆ. ಹೆಸರು ಉಳಿದಿದೆ, ನಿಲ್ಲುವ ಗುಣ ಹೋಗಿದೆ. ಎಲ್ಲರೂ ಕವಿಗಳಾಗಲಿ ಎಂದು ನಾವು ಹೇಳುವುದಿಲ್ಲ. ಆರು ಸ್ಥಳಗಳನ್ನು ಮುಟ್ಟಿ ಬರುವ ಬದಲು ಎರಡು ಸ್ಥಳಗಳಲ್ಲಿ ನಿಂತರೆ ಖರ್ಚು ಹೆಚ್ಚುವುದಿಲ್ಲ.

ಇಲ್ಲಿ ಶಾಲೆಗಳ ಪಾತ್ರ ದೊಡ್ಡದು. ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳು ಮೊದಲು ಹಾನಗಲ್ಲಿನ ತಾರಕೇಶ್ವರ, ತಿಳವಳ್ಳಿಯ ಶಾಂತೇಶ್ವರ, ಅಲ್ಲಮನ ಬಳ್ಳಿಗಾವಿ, ಶರೀಫರ ಶಿಶುನಾಳಗಳನ್ನು ತೋರಿಸಲಿ. ಹತ್ತಿರದ್ದನ್ನು ನೋಡಿ ಕಲಿತ ಕಣ್ಣು ದೂರದ್ದನ್ನೂ ನೋಡಬಲ್ಲದು. ಕಡಲಿಗೆ ಹೋದಾಗ ಬೆಳಗಿನ ಮೀನು ಹರಾಜು ತೋರಿಸಲಿ, ದಡದ ಹಿರಿಯ ಮೀನುಗಾರರೊಬ್ಬರನ್ನು ಕರೆದು ಮಕ್ಕಳಿಗೆ ನೀರಿನ ಪಾಠ ಹೇಳಿಸಲಿ, ಭಟ್ಕಳದಲ್ಲೋ ಹೊನ್ನಾವರದಲ್ಲೋ ಅಲ್ಲಿನ ಶಾಲೆಯ ಮಕ್ಕಳ ಜತೆ ಒಂದು ತಾಸು ಕೂರಿಸಲಿ.

ನಮ್ಮ ಪ್ರವಾಸೋದ್ಯಮ ಇಲಾಖೆ ‘ಒಂದು ರಾಜ್ಯ, ಹಲವು ಜಗತ್ತು’ ಎಂಬ ಘೋಷವಾಕ್ಯ ಮೆರೆಸಿಕೊಂಡು ಬಂದಿದೆ. ಮಾತು ಚೆನ್ನಾಗಿದೆ. ಆದರೆ ಆ ಹಲವು ಜಗತ್ತುಗಳಲ್ಲಿ ಮೀನು ಒಣಗಿಸುವ ಹೆಂಗಸು, ನವಾಯತಿ ಆಡುವ ಅಂಗಡಿಕಾರ, ತರಕಾರಿ ಲಾರಿಯ ಮೇಲೆ ಕೂತ ಸವಣೂರಿನ ವ್ಯಾಪಾರಿ ಸೇರಿದ್ದಾರೆಯೇ? ಚಿಕ್ಕೇರೂರಿನಿಂದ ಮುಂದಿನ ಗಾಡಿ ಹೊರಡುವ ಮೊದಲು ಈ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕಾಗಿದೆ.