ಬ್ಲಾಂಕೊ ಮತ್ತು ‘ಸಹಜ’ ಎಂಬ ವಿಶೇಷಣ

ಫ್ರಾನ್ಸಿನ ನಿವೃತ್ತ ರಗ್ಬಿ ಆಟಗಾರ ಸೆರ್ಜ್ ಬ್ಲಾಂಕೊ ಕುರಿತ ಬರಹಗಳಲ್ಲಿ ಎರಡು ಮಾತು ಮತ್ತೆ ಮತ್ತೆ ಎದುರಾಗುತ್ತವೆ: ಆತ ‘ರಗ್ಬಿಯ ಪೆಲೆ’, ಆತನದು ‘ಸಹಜ ಪ್ರತಿಭೆ’. 1980ರಿಂದ 1991ರವರೆಗೆ ದೇಶಕ್ಕಾಗಿ 93 ಪಂದ್ಯಗಳನ್ನಾಡಿ, 38 ಟ್ರೈ ಗಳಿಸಿದವನಿಗೆ ಸಂದ ಹೊಗಳಿಕೆ ಇದು. ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿದರೆ ಟ್ರೈ. ಬ್ಲಾಂಕೊನ ಆ ಲೆಕ್ಕ ದಶಕಗಳ ಕಾಲ ಫ್ರಾನ್ಸಿನ ದಾಖಲೆಯಾಗಿತ್ತು. ಆದರೆ ಈ ಹೊಗಳಿಕೆ ಅವನ ಆಟದ ಮುಖ್ಯ ಗುಣವನ್ನೇ ಮರೆಮಾಡುತ್ತದೆ ಎಂಬುದು ನನ್ನ ತಕರಾರು.

ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಹಿಂದಿನಿಂದ ಯಾರಾದರೂ ಸರಿಯಾದ ಹೊತ್ತಿಗೆ ಓಡಿಬಂದರೆ ಮಾತ್ರ ಆಟ ಮುಂದೆ ಸಾಗುತ್ತದೆ. ಬ್ಲಾಂಕೊ ಬಹುಪಾಲು ಆಡಿದ್ದು ಫುಲ್‌ಬ್ಯಾಕ್ ಜಾಗದಲ್ಲಿ, ಎಲ್ಲರಿಗಿಂತ ಹಿಂದೆ. ಎದುರಾಳಿ ಒದ್ದ ಚೆಂಡನ್ನು ಹಿಡಿಯುವುದು, ನುಗ್ಗಿಬಂದವನನ್ನು ಕೆಡವುವುದು ಅಲ್ಲಿಯ ಕೆಲಸ. ಅವನು ಆ ಕಾವಲಿನ ಜಾಗದಿಂದಲೇ ದಾಳಿ ಹೂಡಿದ. ಅಲ್ಲಿ ನಿಂತವನಿಗೆ ಇಡೀ ಮೈದಾನ ಕಾಣುತ್ತದೆ. ಎಲ್ಲಿ ತೆರಪಿದೆ ಎಂದು ಓದಬಲ್ಲವನಿಗೆ ಅದೇ ಬಂಡವಾಳ.

1987ರ ವಿಶ್ವಕಪ್ ಸೆಮಿಫೈನಲ್ ನೋಡಿ. ಸಿಡ್ನಿಯ ಕಾಂಕರ್ಡ್ ಓವಲ್‌ನಲ್ಲಿ ಆಸ್ಟ್ರೇಲಿಯಾ ಎದುರು 24–24ರ ಸಮಬಲ. ಪಂದ್ಯ ಮುಗಿಯುವ ಹೊತ್ತು. ಚೆಂಡು ಮೈದಾನದ ಅಗಲಕ್ಕೂ ಕೈಯಿಂದ ಕೈಗೆ ದಾಟಿ, ಕೊನೆಗೆ ಲೊರಾನ್ ರೊಡ್ರಿಗೆಸ್‌ನಿಂದ ಬ್ಲಾಂಕೊಗೆ ಸಿಕ್ಕಿತು. ಮೂಲೆಯಲ್ಲಿ ಅವನು ಜಿಗಿದು ಟ್ರೈ ಗಳಿಸಿದ. ಫ್ರಾನ್ಸ್ 30–24ರಿಂದ ಗೆದ್ದಿತು. ನೆನಪಿನಲ್ಲಿ ಉಳಿದದ್ದು ಆ ಜಿಗಿತ. ಎಲ್ಲರಿಗಿಂತ ಹಿಂದಿದ್ದವನು ಕೊನೆಯ ಕ್ಷಣಕ್ಕೆ ಆ ಮೂಲೆಯಲ್ಲಿ ಹೇಗಿದ್ದ ಎಂಬ ಪ್ರಶ್ನೆಯನ್ನು ‘ಸಹಜ’ ಎಂಬ ಪದ ಕೇಳಗೊಡುವುದಿಲ್ಲ.

‘ಪೆಲೆ’ ಎಂಬ ಬಿರುದಿನ ತೊಡಕು ಇನ್ನೂ ಆಳದ್ದು. ಬ್ಲಾಂಕೊ 1958ರಲ್ಲಿ ವೆನೆಜುವೆಲಾದ ಕಾರಕಾಸ್‌ನಲ್ಲಿ ಹುಟ್ಟಿದ. ತಂದೆ ಅಲ್ಲಿಯವರು, ತಾಯಿ ಬಾಸ್ಕ್ ಸೀಮೆಯವರು. ತಂದೆ ತೀರಿಕೊಂಡ ಮೇಲೆ ಎಳವೆಯಲ್ಲೇ ಫ್ರಾನ್ಸಿಗೆ ಬಂದ. ಆಟ ಕಲಿತದ್ದು ಬಾಸ್ಕ್ ಕರಾವಳಿಯಲ್ಲಿ. ಬಿಯಾರಿಟ್ಜ್ ಕ್ಲಬ್ಬೇ ಅವನ ಮನೆ. ಆದರೂ ಹೋಲಿಕೆ ಹುಡುಕಿದವರು ದಕ್ಷಿಣ ಅಮೆರಿಕಕ್ಕೇ ಹೋದರು. ಹೊಗಳಿದವರ ಮನಸ್ಸು ಒಳ್ಳೆಯದೇ ಇದ್ದೀತು. ಆದರೆ ಬಿಳಿಯನಲ್ಲದ ಆಟಗಾರನ ಕಲಿಕೆಯನ್ನು, ಲೆಕ್ಕಾಚಾರವನ್ನು ಹುಟ್ಟುಗುಣವೆಂದು ಬರೆದಾಗ ಅವನ ಬುದ್ಧಿಗೆ ಸಲ್ಲಬೇಕಾದ್ದು ರಕ್ತಕ್ಕೆ ಸಲ್ಲುತ್ತದೆ.

ನಮ್ಮ ಕಾವ್ಯಮೀಮಾಂಸೆ ಈ ವಿಷಯದಲ್ಲಿ ಹೆಚ್ಚು ಎಚ್ಚರದ್ದು. ಮಮ್ಮಟ ಶಕ್ತಿ, ನಿಪುಣತೆ, ಅಭ್ಯಾಸ ಮೂರನ್ನೂ ಹೇಳಿ, ಅವು ಮೂರು ಕಾರಣಗಳಲ್ಲ, ಕೂಡಿಯೇ ಒಂದು ಕಾರಣ ಎನ್ನುತ್ತಾನೆ. ನಮ್ಮ ವಿಮರ್ಶೆಯೂ ‘ಹುಟ್ಟುಕವಿ’ ಎಂದೊಡನೆ ಉಳಿದೆರಡನ್ನು ಮರೆಯುವುದುಂಟು.

ಬ್ಲಾಂಕೊನನ್ನು ಅಳೆಯಲು ನಾನು 1991ರ ಮಾರ್ಚ್ 16ರ ಪಂದ್ಯವನ್ನು ಆರಿಸುತ್ತೇನೆ. ಟ್ವಿಕೆನ್‌ಹ್ಯಾಮ್‌ನಲ್ಲಿ ಇಂಗ್ಲೆಂಡಿನ ಪೆನಾಲ್ಟಿ ಒದೆತ ಗುರಿ ತಪ್ಪಿತು. ಚೆಂಡನ್ನು ನೆಲಕ್ಕೊತ್ತಿ ಉಸಿರುಬಿಡಬಹುದಾಗಿದ್ದ ಫ್ರಾನ್ಸ್, ತನ್ನದೇ ಗೋಲ್ ಗೆರೆಯ ಹಿಂದಿನಿಂದ ಬ್ಲಾಂಕೊ ಮೂಲಕ ದಾಳಿಗಿಳಿಯಿತು. ಇಡೀ ಮೈದಾನ ದಾಟಿದ ಚೆಂಡನ್ನು ಕ್ಯಾಂಬೆರಾಬೆರೊ ಒದ್ದು ದಾಟಿಸಿದ. ಫಿಲಿಪ್ ಸೇಂತ್-ಆಂದ್ರೆ ಟ್ರೈ ಗಳಿಸಿದ. ಫ್ರಾನ್ಸ್ 19–21ರಿಂದ ಸೋತಿತು. ಆ ಟ್ರೈ ಬ್ಲಾಂಕೊನ 38ರ ಲೆಕ್ಕದಲ್ಲಿಲ್ಲ. ಅವನ ಆಟದ ಓದು ಶುರುವಾಗಬೇಕಾದ್ದು ಮಾತ್ರ ಅಲ್ಲಿಂದ.