ಅಬಲೂರು ಶಾಸನದಲ್ಲಿ ಲೋಕಾಂತರ ಸಂಪರ್ಕ: ಒಂದು ತೌಲನಿಕ ವಿವೇಚನೆ

ಹಿರೇಕೆರೂರು ತಾಲ್ಲೂಕಿನ ಅಬಲೂರು ಸರ್ವಜ್ಞನ ಹೆಸರಿನೊಡನೆ ಹೆಣೆದುಕೊಂಡಿರುವ ಊರು. ಆದರೆ ಸರ್ವಜ್ಞನಿಗೆ ಶತಮಾನಗಳಷ್ಟು ಮೊದಲೇ ಈ ಊರಿಗೆ ಒಂದು ಅಲೌಕಿಕ ಚರಿತ್ರೆಯಿತ್ತು. ಇಲ್ಲಿನ ಸೋಮೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 1200ರ ಕಾಲದ್ದೆಂದು ಗುರುತಿಸಲಾಗಿರುವ ದೀರ್ಘ ಶಾಸನವು ಏಕಾಂತದ ರಾಮಯ್ಯನ ಕಥೆಯನ್ನು ಹೇಳುತ್ತದೆ. ಜೆ. ಎಫ್. ಫ್ಲೀಟ್ ಇದನ್ನು 'ಎಪಿಗ್ರಾಫಿಯಾ ಇಂಡಿಕಾ'ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದಂದಿನಿಂದ ಈ ಶಾಸನದ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ಸುತ್ತಿದೆ: ಇದು ಬಸವಣ್ಣನವರ ಹೆಸರೆತ್ತದಿರುವುದರಿಂದ ಶೈವ ಪುನರುತ್ಥಾನದ ನಾಯಕತ್ವ ಯಾರಿಗೆ ಸಲ್ಲಬೇಕು? ಪ್ರಶ್ನೆ ಸಣ್ಣದಲ್ಲ. ಆದರೆ ಅದರ ಭರಾಟೆಯಲ್ಲಿ ಶಾಸನವು ಒಂದು ಕಥನವೂ ಹೌದೆಂಬುದು ಮರೆತುಹೋಗಿದೆ.

ಕಥನ ಆರಂಭವಾಗುವುದು ಕೈಲಾಸದಲ್ಲಿ. ಗಣಪರಿವೃತನಾದ ಶಿವನ ಒಡ್ಡೋಲಗಕ್ಕೆ ನಾರದನು ಬಂದು ಭೂಲೋಕದಲ್ಲಿ ಪರಸಮಯಗಳು ಪ್ರಬಲವಾದುದನ್ನು ಬಿನ್ನವಿಸುತ್ತಾನೆ. ಶಿವನು ವೀರಭದ್ರನಿಗೆ ತನ್ನ ಅಂಶದಿಂದ ಮನುಷ್ಯನಾಗಿ ಜನಿಸುವಂತೆ ಆಜ್ಞಾಪಿಸುತ್ತಾನೆ. ಅದರಂತೆ ಆಳಂದೆಯ ಪುರುಷೋತ್ತಮಭಟ್ಟನ ಮಗನಾಗಿ ರಾಮನ ಜನನವಾಗುತ್ತದೆ. ಮುಂದೆ ಹುಲಿಗೆರೆಯ ಸೋಮನಾಥನು ಅವನೊಡನೆ ಮಾತನಾಡಿ ಅಬ್ಬಲೂರಿಗೆ ಹೋಗೆಂದು ಕಳುಹಿಸುತ್ತಾನೆ. ಈ ಚೌಕಟ್ಟು ಹರಿಹರನ ರಗಳೆಗಳ ಓದುಗರಿಗೆ ಚಿರಪರಿಚಿತ. ರಾಮಯ್ಯನನ್ನೇ ಕುರಿತ ರಗಳೆಯೂ ಅವನದಿದೆ. ಸರ್ವಜ್ಞನ ಹೆಸರಿನಲ್ಲಿ ಪ್ರಚಲಿತವಾಗಿರುವ ಪೂರ್ವಜನ್ಮದ ತ್ರಿಪದಿಗಳಲ್ಲಿಯೂ ಕೈಲಾಸದ ಪುಷ್ಪದತ್ತನೆಂಬ ಗಣ ಧರೆಗಿಳಿಯುತ್ತಾನೆ. ಅವು ಪ್ರಕ್ಷಿಪ್ತವೇ ಆಗಿದ್ದರೂ, ಒಂದೇ ಊರಿನ ನೆನಪು ಎರಡು ಬಾರಿ ಒಂದೇ ಅಚ್ಚಿನಲ್ಲಿ ಮೂಡಿರುವುದು ಗಮನಾರ್ಹ.

ಕೈಲಾಸದ ಈ ಲೋಕಾಂತರ ಸಂಪರ್ಕದ ಸ್ವರೂಪವು ದೂರದ ಐರ್ಲೆಂಡಿನ ಮಧ್ಯಯುಗೀನ ಕಥೆಗಳೊಡನೆ ಇಟ್ಟು ನೋಡಿದಾಗ ಹೆಚ್ಚು ಸ್ಪಷ್ಟವಾಗುತ್ತದೆ. ಅಲ್ಲಿ ಅನ್ಯಲೋಕ ಇರುವುದು ಮುಗಿಲಾಚೆಯಲ್ಲ. ಊರ ಪಕ್ಕದ 'ಸೀ' ದಿಬ್ಬಗಳೊಳಗೆ. ಸೌವಿನ್ ಹಬ್ಬದ ರಾತ್ರಿ ಅದರ ಬಾಗಿಲು ತೆರೆಯುತ್ತದೆ. ಅಲ್ಲಿಯವರು ಆಜ್ಞೆ ಹೊತ್ತು ಬರುವ ದೂತರಲ್ಲ, ನೆರೆಹೊರೆಯ ರಾಜ್ಯದವರಂತೆ ಕೆಲವೊಮ್ಮೆ ಬೇಕಾದವರು, ಕೆಲವೊಮ್ಮೆ ಕೇಡಿಗರು. ನೇರಾ ಎಂಬವನ ಸಾಹಸದ ಕಥೆಯಲ್ಲಿ, ದಿಬ್ಬದೊಳಗೆ ದಿನಗಳನ್ನು ಕಳೆದು ಬಂದವನಿಗೆ ತನ್ನವರು ಇನ್ನೂ ಅದೇ ಹಂಡೆಯ ಸುತ್ತ ಕುಳಿತಿರುವುದು ಕಾಣುತ್ತದೆ. ತಾನು ಹೋಗಿದ್ದೆನೆಂದು ನಂಬಿಸಲು ಅವನು ಚಳಿಗಾಲದ ಹೊಸ್ತಿಲಲ್ಲಿ ಬೇಸಗೆಯ ಗಿಡಗಳನ್ನು, ಕಾಡುಬೆಳ್ಳುಳ್ಳಿ ಮತ್ತು ಹೊಂಬಣ್ಣದ ಜರಿಗಿಡವನ್ನು, ಸಾಕ್ಷ್ಯವಾಗಿ ತರಬೇಕಾಗುತ್ತದೆ.

ಅಬಲೂರಿನಲ್ಲಿ ಸಾಕ್ಷ್ಯ ಗಿಡವಲ್ಲ, ಓಲೆ. ಬ್ರಹ್ಮೇಶ್ವರನ ಗುಡಿಯಲ್ಲಿ ರಾಮಯ್ಯನ ಪೂಜೆಗೆ ಸಂಕಗಾವುಂಡನ ಮುಂದಾಳ್ತನದ ಜೈನರು ಅಡ್ಡಿಪಡಿಸಿದಾಗ ಪಣ ಏರ್ಪಡುತ್ತದೆ: ಅವನು ತಲೆಯನ್ನು ಅರಿದು ಶಿವನಿಗೆ ಅರ್ಪಿಸಿ ಮರಳಿ ಪಡೆದರೆ ಬಸದಿಯಲ್ಲಿ ಜಿನನಿದ್ದೆಡೆ ಶಿವನ ಪ್ರತಿಷ್ಠೆ. ಇದು ಓಲೆಗೇರುತ್ತದೆ. ರಾಮಯ್ಯ ತಲೆಯನ್ನು ಅರ್ಪಿಸುತ್ತಾನೆ. ಏಳು ದಿನಗಳ ಬಳಿಕ ಅದು ಅವನಿಗೆ ಮರಳುತ್ತದೆ. ಸೋತವರು ಮಾತಿಗೆ ತಪ್ಪಲು ಅವನು ಜಿನಬಿಂಬವನ್ನು ಭಂಗಿಸುತ್ತಾನೆ.

ಶಿರಚ್ಛೇದದ ಪಣವೇ ತಿರುಳಾಗಿರುವ ಕಥೆಯೊಂದು ಐರಿಷ್ ಭಾಷೆಯಲ್ಲಿಯೂ ಇದೆ. 'ಬ್ರಿಕ್ರಿಯುವಿನ ಔತಣ'ದಲ್ಲಿ ದೈತ್ಯಾಕಾರದ ಒರಟನೊಬ್ಬ ಸಭೆಗೆ ಬಂದು ತನ್ನ ತಲೆ ಕಡಿಯಿರಿ, ಮರುದಿನ ನಿಮ್ಮ ಕೊರಳು ಕೊಡಿ ಎನ್ನುತ್ತಾನೆ. ಕಡಿದ ತಲೆಯನ್ನು ಎತ್ತಿಕೊಂಡು ಹೊರಟವನು ಮರುದಿನ ಇಡಿಯಾಗಿ ಬರುತ್ತಾನೆ. ಉಳಿದವರು ಮಾತಿಗೆ ತಪ್ಪುತ್ತಾರೆ. ಕೂ ಖುಲಿನ್ ಮಾತ್ರ ಕೊರಳೊಡ್ಡುತ್ತಾನೆ ಮತ್ತು ಉಳಿಯುತ್ತಾನೆ. ಬಂದವನು ವೇಷ ಮರೆಸಿದ ಕೂ ರೋಯಿ. ಎರಡೂ ಕಡೆ ಮಾತಿನ ನಿಷ್ಠೆಯೇ ನಿರ್ಣಾಯಕ. ವ್ಯತ್ಯಾಸ ಇಷ್ಟೇ: ಐರಿಷ್ ಕಥೆಯಲ್ಲಿ ತಲೆ ಮರಳುವುದು ಮಾಂತ್ರಿಕನಿಗೆ, ಮನುಷ್ಯನ ಪಾಲಿಗೆ ಬರುವುದು ಭಯ ಮಾತ್ರ. ಅಬಲೂರಿನಲ್ಲಿ ಮನುಷ್ಯನೇ ಎರಡನ್ನೂ ಹೊರುತ್ತಾನೆ.

ಇದನ್ನು ಬರಿಯ ಕಥಾಶಯವೆಂದು ತಳ್ಳಿಹಾಕುವಂತಿಲ್ಲ. ಕನ್ನಡ ನಾಡಿನಲ್ಲಿ ಸಿಡಿತಲೆಗೊಡುವ ಪದ್ಧತಿ ವಾಸ್ತವವಾಗಿತ್ತು. ಬಾಗಿಸಿದ ಗಳುವಿಗೆ ಜಡೆ ಕಟ್ಟಿಸಿಕೊಂಡು ಕುಳಿತವರ ಶಿಲ್ಪಗಳು ಉಳಿದಿವೆ. ಆ ತಲೆಗಳು ಮರಳಲಿಲ್ಲ. ಶಾಸನದ ಮೊದಲ ಕೇಳುಗರಿಗೆ ಇದು ತಿಳಿದಿದ್ದಿರಬೇಕು. ಏಳು ದಿನಗಳ ಆ ಅವಧಿಯ ತೂಕವೂ ಅವರಿಗೇ ಹೆಚ್ಚು ತಿಳಿದಿದ್ದಿರಬೇಕು. ಪವಾಡವನ್ನು ಅಕ್ಷರಶಃ ನಂಬುವ ಓದಾಗಲಿ, ಕಟ್ಟುಕಥೆಯೆಂದು ಬದಿಗಿಡುವ ಓದಾಗಲಿ ಈ ತೂಕವನ್ನು ಮುಟ್ಟುವುದಿಲ್ಲ.

ಶಾಸನಕವಿಯ ಜಾಣ್ಮೆ ಮೆರೆಯುವುದು ಕಲ್ಯಾಣದ ಪ್ರಸಂಗದಲ್ಲಿ. ಜೈನರು ಬಿಜ್ಜಳನಿಗೆ ದೂರುತ್ತಾರೆ. ರಾಮಯ್ಯ ಅರಸನೆದುರು ಅದೇ ಪವಾಡವನ್ನು, ಕಡಿದ ತಲೆಯನ್ನು ಸುಟ್ಟರೂ ಸರಿಯೆಂದು, ಮತ್ತೆ ಮಾಡಿತೋರುವೆನೆನ್ನುತ್ತಾನೆ. ಪ್ರತಿಪಕ್ಷ ಒಪ್ಪುವುದಿಲ್ಲ. ಹೀಗಾಗಿ ಅರಸನು ಪವಾಡವನ್ನು ಕಾಣುವುದೇ ಇಲ್ಲ. ಕಾಣುವುದು ಒಂದು ಸವಾಲನ್ನು, ಒಂದು ನಿರಾಕರಣೆಯನ್ನು. ಜಯಪತ್ರ ದೊರೆಯುವುದು ಅಷ್ಟರ ಮೇಲೆ. ಬಿಜ್ಜಳನಿಂದ ಗೋಗಾವೆ, ಚಾಲುಕ್ಯ ನಾಲ್ವಡಿ ಸೋಮೇಶ್ವರನಿಂದ ಅಬ್ಬಲೂರು, ಹಾನಗಲ್ಲ ಕದಂಬ ಕಾಮದೇವನಿಂದ ಮಲ್ಲವಳ್ಳಿ ವೀರಸೋಮನಾಥನಿಗೆ ದತ್ತಿಯಾಗುತ್ತವೆ. ಕೈಲಾಸದ ಒಡ್ಡೋಲಗದಲ್ಲಿ ಹೊರಟ ಆಜ್ಞೆ ಭೂಮಿಯ ಒಡೆತನದಲ್ಲಿ ಬಂದು ನಿಲ್ಲುತ್ತದೆ. ಕ್ರೈಸ್ತ ಮಠಗಳಲ್ಲಿ ಕುಳಿತು ತಮ್ಮ ಪೂರ್ವಿಕರ 'ಸೀ' ಕಥೆಗಳನ್ನು ಬರೆದಿಟ್ಟ ಐರಿಷ್ ಲಿಪಿಕಾರರಿಗೆ ಆ ಕಥೆಗಳಿಂದ ಗೆಲ್ಲಬೇಕಾದ ವ್ಯಾಜ್ಯವಿರಲಿಲ್ಲ. ಅಲ್ಲಿನ ಅನ್ಯಲೋಕ ಸಂದಿಗ್ಧವಾಗಿಯೇ ಉಳಿಯುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ವ್ಯಾಜ್ಯದಲ್ಲಿ ಸೋತವರ ಹೇಳಿಕೆ ಈ ಶಾಸನದಲ್ಲಿ ದಾಖಲಾಗಿಲ್ಲ. ಸಂಕಗಾವುಂಡನು ಊರಿನ ಪ್ರಮುಖನಾಗಿದ್ದವನು. ಅವನ ಬಸದಿಯಲ್ಲಿ ನಿತ್ಯಪೂಜೆ ನಡೆಯುತ್ತಿದ್ದಿರಬೇಕು. ಅವನು ಇಲ್ಲಿ ಉಳಿದಿರುವುದು ಗೆದ್ದವರ ಬರಹದಲ್ಲಿ, ಎದುರಾಳಿಯಾಗಿ. ಸೋಮೇಶ್ವರ ದೇವಾಲಯದ ಕಲ್ಲಿನ ಮೇಲೆ ಈ ಪ್ರಸಂಗಗಳ ಶಿಲ್ಪಗಳಿವೆ. ಅವುಗಳ ಜೊತೆಯಲ್ಲಿಯೇ, ಯಾವುದು ಯಾವ ಘಟನೆ ಎಂದು ತಿಳಿಸುವ ಕಿರುಬರಹಗಳನ್ನೂ ಕೆತ್ತಲಾಗಿದೆ.