ಕೌದಿಯೂ ಕಲಾವಿಮರ್ಶೆಯೂ

ಕಲೆಗಳನ್ನು ಲಲಿತವೆಂದೂ ಉಪಯುಕ್ತವೆಂದೂ ಎರಡಾಗಿ ವಿಂಗಡಿಸುವುದು ನಮ್ಮ ವಿಮರ್ಶೆಯಲ್ಲಿ ರೂಢಿಯಾಗಿ ಬಂದಿದೆ. ಈ ವಿಂಗಡಣೆಯಲ್ಲಿ ಚಿತ್ರಪಟಕ್ಕೆ ಮೇಲಿನ ಪಂಕ್ತಿಯೂ, ಹಳೆಯ ಬಟ್ಟೆಗಳನ್ನು ಹೊಲಿದು ಮಾಡಿದ ಕೌದಿಗೆ ಕೆಳಗಿನ ಪಂಕ್ತಿಯೂ ದೊರೆಯುತ್ತವೆ. ಈ ಪಂಕ್ತಿಭೇದ ಎಷ್ಟರಮಟ್ಟಿಗೆ ಸಾಧುವೆಂಬುದನ್ನು, ಬಟ್ಟೆಯ ತುಂಡುಗಳಿಂದಲೇ ಆದ ಎರಡು ಬಗೆಯ ಕೃತಿಗಳನ್ನು ಎದುರುಬದುರಾಗಿ ಇಟ್ಟು ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲನೆಯದು ಮೈಸೂರು ಜಿಲ್ಲೆಗೆ ಸಂಬಂಧಿಸಿದುದು. 1960ರ ದಶಕದ ಆರಂಭದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿಯೂ, ಅನಂತರ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ನೆಲೆಗೊಂಡ ಟಿಬೆಟಿನ ಜನರ ಪರಂಪರೆಯಲ್ಲಿ ಥಂಕಾ ಎಂಬ ಪೂಜಾಪಟಗಳುಂಟು. ಸಾಮಾನ್ಯ ಥಂಕಾ ಕುಂಚದಿಂದ ಬರೆದುದು. ಉತ್ಸವಕಾಲದಲ್ಲಿ ವಿಹಾರದ ಗೋಡೆಯ ಮೇಲೆ ಇಳಿಬಿಡುವ ಬೃಹತ್ ಪಟಗಳನ್ನಾದರೋ ರೇಷ್ಮೆ ಮತ್ತು ಜರತಾರಿ ಬಟ್ಟೆಗಳನ್ನು ಕತ್ತರಿಸಿ, ಜೋಡಿಸಿ ಹೊಲಿಯುವುದೂ ಪದ್ಧತಿ. ಕುದುರೆಯ ಕೂದಲಿಗೆ ರೇಷ್ಮೆನೂಲು ಸುತ್ತಿದ ಹುರಿಯನ್ನು ಪ್ರತಿಯೊಂದು ತುಂಡಿನ ಅಂಚಿಗೂ ಕೂಡಿಸುತ್ತಾರೆ. ನೋಡುವವರಿಗೆ ಅದು ಚಿತ್ರದ ರೇಖೆ. ಹೊಲಿಯುವವನಿಗೆ ಕತ್ತರಿಸಿದ ಅಂಚನ್ನು ಮುಚ್ಚುವ ಕಟ್ಟು. ಬಣ್ಣದ ಪಟವನ್ನು ಪದೇ ಪದೇ ಸುತ್ತಿ ಬಿಚ್ಚಿದರೆ ಬಣ್ಣ ಬಿರುಕುಬಿಡುವ ಭಯವುಂಟು; ಬಟ್ಟೆಯ ಪಟ ಅದನ್ನು ತಾಳುತ್ತದೆ. ಹೀಗೆ ಅತ್ಯಂತ ಪೂಜ್ಯವಾದ ಚಿತ್ರದಲ್ಲಿಯೂ ಉಪಯೋಗದೃಷ್ಟಿ ಅಂತರ್ಗತವಾಗಿದೆ.

ಎರಡನೆಯ ನಿದರ್ಶನಕ್ಕೆ ಕಾವೇರಿಯ ಸೀಮೆಯನ್ನು ಬಿಟ್ಟು ಉತ್ತರ ಕನ್ನಡ ಜಿಲ್ಲೆಗೆ ಹೋಗಬೇಕು. ಕೌದಿ ಉತ್ತರ ಕರ್ನಾಟಕದ ಮನೆಮನೆಯ ವಸ್ತುವಾದರೂ, ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಸ್ತ್ರೀಯರ ಕೌದಿಗಳು ವಿದ್ವಾಂಸರ ಗಮನವನ್ನು ವಿಶೇಷವಾಗಿ ಸೆಳೆದಿವೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಬರಹಗಳು ಇದಕ್ಕೆ ಸಾಕ್ಷಿ. ಸಿದ್ದಿ ಸ್ತ್ರೀ ಹಳೆಯ ಸೀರೆಯನ್ನು ತಳಕ್ಕೆ ಹಾಸಿ, ಅಂಚಿನಿಂದ ಹೊಲಿಗೆಯನ್ನು ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿನತ್ತ ಸಾಗುತ್ತಾಳೆ. ಸವೆದ ಉಡುಪುಗಳ ತುಂಡುಗಳು ಒಂದೊಂದಾಗಿ ಬಂದು ಸೇರುತ್ತವೆ. ಪದರಗಳನ್ನು ಹಿಡಿದಿಡುವ ಈ ಹೊಲಿಗೆಯೇ ಕೌದಿಯ ಮೈಮೇಲೆ ಗೆರೆಗಳ ಲಯವನ್ನೂ ಮೂಡಿಸುತ್ತದೆ. ಕೊನೆಗೆ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ ‘ಫುಲ’, ಎಂದರೆ ಹೂವನ್ನು, ಇಡುತ್ತಾಳೆ. ಈ ಹೂವಿನಿಂದ ಚಳಿ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಆದರೂ ಹೂವಿಲ್ಲದ ಕೌದಿ ಬತ್ತಲೆಯೆಂಬುದು ಹೊಲಿಯುವವರ ಮತ.

ಈ ಮಾತು ನಮಗೆ ಬಹು ಮುಖ್ಯವೆಂದು ತೋರುತ್ತದೆ. ನಿರುಪಯುಕ್ತವಾದುದು ಅವಶ್ಯಕವೆಂಬ ಈ ನಿರ್ಣಯ ಕಲಾನಿರ್ಣಯವಲ್ಲದೆ ಮತ್ತೇನು? ಕೌದಿಯನ್ನು ಅಳೆಯುವ ಮಾನ ಅದನ್ನು ಹೊಲಿದವರಲ್ಲಿಯೇ ಇದೆಯೆಂಬುದು ಇದರಿಂದ ವಿದಿತವಾಗುತ್ತದೆ. ಆ ಮಾನವನ್ನು ವಿಮರ್ಶಕನು ಹೊರಗಿನಿಂದ ತರಬೇಕಾಗಿಲ್ಲ, ಕೇಳಿ ತಿಳಿಯಬೇಕು.

2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೆಯಿತು. ಅದು ಸಂತೋಷದ ಸಂಗತಿಯೇ ಸರಿ. ಆದರೆ ಗೋಡೆಗೆ ಏರಿದುದರಿಂದಲೇ ಕೌದಿ ಕಲೆಯಾಯಿತೆಂಬ ಭಾವನೆ ಹಳೆಯ ಪಂಕ್ತಿಭೇದವನ್ನೇ ಮರಳಿ ಸ್ಥಾಪಿಸುತ್ತದೆ. ಗೋಡೆಯ ಮೇಲಿನ ಕೌದಿಯ ಬಣ್ಣ ಕಣ್ಣಿಗೆ ದೊರೆಯುತ್ತದೆ. ಭಾರ, ಮೃದುತ್ವ, ಹಿಮ್ಮೈಯ ಹೊಲಿಗೆ ದೊರೆಯುವುದಿಲ್ಲ. ಯಾರ ಸೀರೆ ಯಾವ ಮಗುವಿಗೆ ಹೊದಿಕೆಯಾಯಿತೆಂಬ ವಿಷಯವಂತೂ ಹೇಳಿದವರಿಲ್ಲದಿದ್ದರೆ ಅಳಿದೇ ಹೋಗುತ್ತದೆ. ಕೌದಿಯನ್ನು ಹೊದೆಯುವ ವಸ್ತುವಾಗಿ ಅರಿಯದವನು ಅದನ್ನು ಚಿತ್ರವಾಗಿಯೂ ಪೂರ್ಣವಾಗಿ ಅರಿಯಲಾರನು.

ಆದುದರಿಂದ ಈ ಬಗೆಯ ಅಧ್ಯಯನ ನಮ್ಮ ನೆರೆಯಲ್ಲಿಯೇ ಆರಂಭವಾಗುವುದು ಯುಕ್ತ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹಳ್ಳಿಗಳಲ್ಲಿಯೂ ಹಳೆಯ ಸೀರೆಯನ್ನು ಮಡಿಸಿ ಹೊಲಿದು ಕೂಸಿಗೆ ಹಾಸುವುದು ಹೊಸ ಮಾತಲ್ಲ. ಸಂಶೋಧಕರು ಅಲ್ಲಿಗೆ ಹೋದಾಗ ಹೊದಿಕೆಯ ಉದ್ದಗಲಗಳನ್ನು ಮಾತ್ರ ಬರೆದುಕೊಂಡು ಬಂದರೆ ಸಾಲದು. ಹೊಲಿಗೆ ಎಲ್ಲಿ ಮೊದಲಾಯಿತು, ತುಂಡುಗಳು ಯಾರ ಉಡುಪಿನವು, ಯಾವುದು ಇಲ್ಲದಿದ್ದರೆ ಕೆಲಸ ಅಪೂರ್ಣ ಎಂಬ ಮೂರು ಪ್ರಶ್ನೆಗಳನ್ನು ಹೊಲಿದವರನ್ನೇ ಕೇಳಬೇಕು. ಮೂರನೆಯದಕ್ಕೆ ದೊರೆಯುವ ಉತ್ತರದಲ್ಲಿ ಆ ಕಲೆಯ ಲಕ್ಷಣಗ್ರಂಥವೇ ಅಡಗಿರುತ್ತದೆ.